ಮೋಹಿನಿ ರೈ ಓದಿಕೊಟ್ಟ ಆನೆ ಪುಸ್ತಕ

ಕಡಬದ ಬಸ್ ನಿಲ್ದಾಣದ ಎದುರು, ಜೀಪುಗಳು ನಿಲ್ಲುವ ಜಾಗಕ್ಕೆ ತಾಗಿಕೊಂಡ ಕಟ್ಟಡದ ಮಾಳಿಗೆಯಲ್ಲಿ ಮೋಹಿನಿ ರೈಯ ಡಿಟಿಪಿ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಅದೇ ಕೋಣೆ, ಅದೇ ಕಿಟಕಿ. ಕಂಪ್ಯೂಟರು ಮಾತ್ರ ನಾಲ್ಕು ಸಲ ಬದಲಾಗಿದೆ. ಅರ್ಜಿ ಬರೆಸುವವರು, ಮದುವೆ ಕಾಗದ ಮಾಡಿಸುವವರು, ಭಜನಾ ಮಂಡಳಿಯ ಕರಪತ್ರದವರು ಸುತ್ತಲಿನ ಹಳ್ಳಿಗಳಿಂದ ಮೆಟ್ಟಿಲು ಹತ್ತಿ ಬರುತ್ತಾರೆ. ಬಂದವರು ಕೊಟ್ಟದ್ದನ್ನು ಕೊಟ್ಟ ಹಾಗೆ ಟೈಪು ಮಾಡಿ ಕಳಿಸುವ ಜಾಯಮಾನ ಅವಳದ್ದಲ್ಲ. "ಶುಭಾಷಯ ಅಲ್ಲ ಮಾರಾಯ್ರೆ, ಶುಭಾಶಯ. ನಿಮ್ಮ ಮಗಳ ಮದ್ವೆಗೆ ನಾನು ತಪ್ಪು ಹಾಕಿ ಕೊಡುದಿಲ್ಲ" ಎಂದು ಮುಖಕ್ಕೇ ಹೇಳುತ್ತಾಳೆ. ಕೇಳಿಸಿಕೊಂಡವರು ಒಮ್ಮೆ ಮುಖ ಸಣ್ಣ ಮಾಡಿದರೂ ಮುಂದಿನ ಮಗಳ ಮದುವೆಗೆ ಅಲ್ಲಿಗೇ ಬರುತ್ತಾರೆ.

ಜನವರಿಯ ಒಂದು ಸೋಮವಾರ ಹನ್ನೊಂದು ಗಂಟೆಗೆ ಆ ಮೆಟ್ಟಿಲನ್ನು ಒಬ್ಬ ಮುದುಕರು ಹತ್ತಿ ಬಂದರು. ಎತ್ತರದ ಆಳು, ಬಿಳಿ ಪಂಚೆ, ಹೆಗಲಲ್ಲಿ ಬಟ್ಟೆಯ ಚೀಲ. ವಯಸ್ಸು ಎಂಬತ್ತರ ಹತ್ತಿರ ಇದ್ದೀತು, ಆದರೂ ಏದುಸಿರಿಲ್ಲ.

"ಹಾಳಾದ ಅಕ್ಷರ ಸರಿ ಮಾಡುವವರು ನೀವೇ ಅಲ್ವಾ? ನಾನು ಗುತ್ತಿಗಾರಿನವ. ದೇರಣ್ಣ ಗೌಡ ಅಂತ."

"ಕೂತ್ಕೊಳ್ಳಿ ಗೌಡ್ರೆ. ಎಂತ ಹಾಳಾದ್ದು?"

ಅವರು ಚೀಲದಿಂದ ಒಂದು ಸಿ.ಡಿ.ಯನ್ನು ತೆಗೆದು ಮೇಜಿನ ಮೇಲಿಟ್ಟರು. ಈಗಿನ ಯಂತ್ರಕ್ಕೆ ಸಿ.ಡಿ. ಹಾಕುವ ಜಾಗವೇ ಇಲ್ಲ. ಮೋಹಿನಿ ಕಪಾಟಿನಿಂದ ಹಳೆಯ ಡ್ರೈವ್ ಒಂದನ್ನು ಹುಡುಕಿ ವಯರು ಸಿಕ್ಕಿಸಿದಳು. ಸಿ.ಡಿ. ತಿರುಗಿತು. ಒಳಗಿದ್ದದ್ದು ಒಂದೇ ಒಂದು ಪಿಡಿಎಫ್ ಕಡತ, ನೂರಾ ನಲವತ್ತು ಪುಟದ್ದು. ತೆರೆದು ನೋಡಿದರೆ ಪುಟದ ತುಂಬ ಮೇಲೆ ಚುಕ್ಕೆ ಇಟ್ಟ, ಕೆಳಗೆ ಬಾಲ ಬಿಟ್ಟ ಇಂಗ್ಲಿಷ್ ಅಕ್ಷರಗಳು, ಆವರಣ ಚಿಹ್ನೆಗಳು, ಅಡ್ಡಗೆರೆಗಳು. ನಡುನಡುವೆ ಅಂಕಿಗಳು. ಕೆಲವು ಪುಟಗಳ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ 1989, 1990 ಎಂದು ಇಸವಿ. ಕನ್ನಡದ ಒಂದಕ್ಷರ ಇಲ್ಲ.

"ಎಲ್ಲ ಕಡೆ ತೋರಿಸಿ ಆಯ್ತು," ಎಂದರು ದೇರಣ್ಣ. "ಸುಳ್ಯದಲ್ಲಿ ಮೂರು ಅಂಗಡಿ. ಒಬ್ಬ ಫೈಲು ಹಾಳಾಗಿದೆ ಅಂದ. ಒಬ್ಬ ಎಂತೆಂತದೋ ಸಾಫ್ಟ್‌ವೇರಿಗೆ ಹಾಕಿ ಕನ್ನಡ ಬರ್ಸಿದ. ಓದಿದ್ರೆ ಅದು ಯಾವ ದೇಶದ ಕನ್ನಡವೋ ದೇವರಿಗೇ ಗೊತ್ತು. ಇಸವಿ, ತಾರೀಕು ಮಾತ್ರ ಸರಿ ಕಾಣ್ತದೆ. ಅದನ್ನಾದ್ರೂ ಇಟ್ಕೊಳ್ಳಿ ಅಂತ ಹೇಳಿ ಕಳ್ಸಿದ್ರು."

"ಇದ್ರಲ್ಲಿ ಇರುದು ಎಂತ?"

"ಆನೆ" ಎಂದರು ದೇರಣ್ಣ.

ಅವರು ಹೇಳಿದ್ದು ಇಷ್ಟು. ಗುತ್ತಿಗಾರಿನಿಂದ ಒಳಗೆ, ಕಾಡಿಗೆ ತಾಗಿಕೊಂಡ ಬಾಳೆಕೋಡಿ ಎಂಬಲ್ಲಿ ಅವರ ಮನೆ. ಎಂಬತ್ತೊಂಬತ್ತನೇ ಇಸವಿಯಿಂದ ಹದಿನೇಳು ವರ್ಷ ಅವರು ಆನೆ ಬಂದ ಪ್ರತಿ ಸಲವೂ ಮರುದಿನ ಬೆಳಿಗ್ಗೆ ಹೋಗಿ ಹೆಜ್ಜೆ ನೋಡಿ ಬರೆದಿಟ್ಟಿದ್ದರು. ಎಷ್ಟು ಆನೆ, ಮರಿ ಇತ್ತೇ, ಎಲ್ಲಿ ಇಳಿದವು, ಎಲ್ಲಿ ಹೊಳೆ ದಾಟಿದವು, ಏನು ತಿಂದವು. ಎರಡು ಸಾವಿರದ ಆರರಲ್ಲಿ ಸುಳ್ಯದ ಒಂದು ಅಂಗಡಿಯಲ್ಲಿ ಎಲ್ಲವನ್ನೂ ಟೈಪು ಮಾಡಿಸಿದ್ದರು. ಆ ಅಂಗಡಿ ಈಗಿಲ್ಲ. ಕೈಬರಹದ ಪುಸ್ತಕಗಳನ್ನು ಗೆದ್ದಲು ತಿಂದು ಹಾಕಿತ್ತು. ಅಚ್ಚಾದ ಒಂದೇ ಪ್ರತಿಯನ್ನು ಯಾರೋ ಓದಲು ಕೊಂಡುಹೋದವರು ತಂದುಕೊಡಲಿಲ್ಲ.

"ಈಗ ಕಾಡಿನ ಅಂಚಿಗೆ ಸೋಲಾರ್ ಬೇಲಿ ಬರ್ತದೆ. ಬರ್ಲಿ, ಬೇಕು. ಆದ್ರೆ ನಕ್ಷೆಯಲ್ಲಿ ಎಳೆದ ಗೆರೆ ಆನೆ ಇಳಿಯುವ ಪಾರೆಕಲ್ಲಿನ ದಾರಿ ಮುಚ್ತದೆ. ಅದು ಮುಚ್ಚಿದ್ರೆ ಆನೆ ನಮ್ಮೂರ ಶಾಲೆಯ ಮೇಲಿಂದ ಬರ್ತದೆ. ಇದು ನಾನು ಸುಮ್ನೆ ಹೇಳುದಲ್ಲ, ಒಮ್ಮೆ ಆದದ್ದು. ಬರ್ದದ್ದು ಉಂಟು. ಮುಂದಿನ ವಾರ ಗುರುವಾರ ಗುತ್ತಿಗಾರಿನಲ್ಲಿ ಅರಣ್ಯ ಇಲಾಖೆಯ ಮೀಟಿಂಗು. ಬರ್ದದ್ದು ತೋರಿಸಿ ಅಂದ್ರೆ ನಾನು ಇದನ್ನು ತೋರಿಸ್ಲಾ?"

ಮೋಹಿನಿ ಕಡತದ ವಿವರ ತೆರೆದು ಅದರಲ್ಲಿ ಬಳಸಿದ ಫಾಂಟುಗಳ ಪಟ್ಟಿಗೆ ಹೋದಳು. ಅಲ್ಲಿ ಎರಡು ಹೆಸರುಗಳಿದ್ದವು. ಒಂದು ಎಲ್ಲ ಕಡೆ ಸಿಗುವ ಇಂಗ್ಲಿಷ್ ಫಾಂಟು, ಇಸವಿಗಳಿಗೆ ಹಾಕಿದ್ದು. ಇನ್ನೊಂದರ ಹೆಸರು ಓದಿ ಅವಳು ಕುರ್ಚಿಯಲ್ಲಿ ಹಿಂದಕ್ಕೊರಗಿದಳು. ನಗು ಬಂತು.

'ಚೆನ್ನಕ್ಷರ' ಎಂದಿತ್ತು.

"ಗೌಡ್ರೆ, ನಿಮ್ಮ ಫೈಲು ಹಾಳಾಗ್ಲಿಲ್ಲ. ಪಿಡಿಎಫ್ ಮಾಡುವಾಗ ಫಾಂಟನ್ನೂ ಅದ್ರ ಒಳಗೆ ಸೇರಿಸ್ಬೇಕು. ಆ ಅಂಗಡಿಯವ್ರು ಸೇರಿಸ್ಲಿಲ್ಲ. ಅವ್ರ ಕಂಪ್ಯೂಟರಿನಲ್ಲಿ ಆ ಫಾಂಟು ಇತ್ತು, ಹಾಗಾಗಿ ಅಲ್ಲಿ ಸರಿ ಕಂಡಿತು. ಬೇರೆ ಕಡೆ ಅದಿಲ್ಲ, ಅದಕ್ಕೆ ಯಂತ್ರ ಕೈಗೆ ಸಿಕ್ಕಿದ ಇಂಗ್ಲಿಷ್ ಅಕ್ಷರ ಹಾಕಿ ತೋರಿಸ್ತದೆ. ನೀವು ಬರ್ದದ್ದು ಪೂರ್ತಿ ಒಳಗೆ ಉಂಟು."

"ಹಾಗಾದ್ರೆ ಆಗ್ತದಾ?"

"ಆಗ್ತದೆ. ಶನಿವಾರ ಬನ್ನಿ."

ಅಷ್ಟು ಧೈರ್ಯದಿಂದ ಹೇಳಲು ಅವಳಿಗೆ ಕಾರಣವಿತ್ತು.

ಮೋಹಿನಿ ಹುಟ್ಟಿದ್ದು ರಾಮಕುಂಜದ ಹತ್ತಿರದ ಒಂದು ಬಂಟರ ಮನೆಯಲ್ಲಿ. ಅಪ್ಪ ಕಿಟ್ಟಣ್ಣ ರೈಗಳು ಗದ್ದೆ, ಕಂಬಳದ ಕೋಣ, ಊರ ಪಂಚಾತಿಕೆ ಎಂದು ಗತ್ತಿನಲ್ಲಿ ಬದುಕಿದವರು. ಪಿಯುಸಿ ಮುಗಿಸಿದ ಮಗಳು ಪುತ್ತೂರಿನ ಆದಂ ಕುಂಞಿಯವರ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಾಗ ಅವರು ಊಟದ ಬಟ್ಟಲಿನಿಂದ ತಲೆ ಎತ್ತಿ, "ನಮ್ಮ ಮನೆಯ ಹುಡುಗಿ ಮಸಿ ಕೈ ಮಾಡ್ಕೊಂಡು ಬಸ್ಸಿನಲ್ಲಿ ಬರುದಾ?" ಎಂದು ಕೇಳಿದ್ದರು. "ಸೋಪು ಉಂಟಲ್ಲ ಅಪ್ಪ" ಎಂದಿದ್ದಳು ಮೋಹಿನಿ. ಮರುದಿನ ಬಸ್ಸಿಗೆ ಹೋಗುವಾಗ ಅವಳ ಹೊಸ ಕೊಡೆ ಜಗಲಿಯಲ್ಲಿ ತೆಗೆದಿಟ್ಟಿತ್ತು. ಯಾರು ಇಟ್ಟರೆಂದು ಅವಳು ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ.

ಆ ಪ್ರೆಸ್ಸಿನಲ್ಲಿ ಮೊದಲ ಮೂರು ವರ್ಷ ಅವಳು ಸೀಸದ ಅಚ್ಚುಮೊಳೆ ಜೋಡಿಸಿದಳು. ಮೊಳೆಯಲ್ಲಿ ಅಕ್ಷರ ತಿರುಗಿರುತ್ತದೆ, ಅದನ್ನು ಹಾಗೇ ಓದಬೇಕು. ಕನ್ನಡದ ಅಕ್ಷರ ಒಂದೇ ತುಂಡಲ್ಲ, ಬುಡ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಎಂಬುದು ಅವಳಿಗೆ ಬೆರಳ ತುದಿಯಿಂದ ಗೊತ್ತಾಯಿತು. ತೊಂಬತ್ತೈದರಲ್ಲಿ ಆದಂ ಕುಂಞಿಯವರು ಕಂಪ್ಯೂಟರ್ ತಂದರು. ಅದಕ್ಕೆ ಸಿಕ್ಕಿದ ಕನ್ನಡ ಫಾಂಟು ಅವರ ಕಣ್ಣಿಗೆ ಹಿಡಿಸಲಿಲ್ಲ. ಅವರ ಗೆಳೆಯ ಚೆನ್ನಕೇಶವ ಎಂಬ ಚಿತ್ರಕಲೆಯ ಮಾಸ್ತರರು ಒಂದು ವರ್ಷ ಕೂತು ಅಕ್ಷರಗಳ ತುಂಡುಗಳನ್ನು ಒಂದೊಂದಾಗಿ ಬರೆದು, ಕಂಪ್ಯೂಟರಿಗೆ ಸೇರಿಸಿ, ತಮ್ಮದೇ ಫಾಂಟು ಮಾಡಿದರು. ಯಾವ ಕೀಲಿಗೆ ಯಾವ ತುಂಡು ಎಂದು ಮೋಹಿನಿಯ ಎದುರೇ ತೀರ್ಮಾನವಾಗಿತ್ತು. ಆ ಫಾಂಟು ಪುತ್ತೂರು, ಸುಳ್ಯದ ಏಳೆಂಟು ಅಂಗಡಿಗಳ ಆಚೆ ಹೋಗಲಿಲ್ಲ. ಚೆನ್ನಕೇಶವ ಮಾಸ್ತರರು ತೀರಿಕೊಂಡು ಹತ್ತು ವರ್ಷದ ಮೇಲಾಗಿದೆ.

ಎರಡು ಸಾವಿರದ ಮೂರರಲ್ಲಿ, ಮೂವತ್ತು ತುಂಬಿದ ಮೇಲೆ, ಕಡಬದಲ್ಲಿ ರಬ್ಬರ್ ಶೀಟಿನ ವ್ಯಾಪಾರ ಮಾಡುತ್ತಿದ್ದವರನ್ನು ಅವಳು ಮದುವೆಯಾದಳು. ಬಂದ ಮರುವರ್ಷವೇ ಈ ಅಂಗಡಿ ತೆರೆದಳು. ಅಲ್ಲಿಂದ ಈಚೆಗೆ ಬೇರೆ ಬೇರೆ ಫಾಂಟುಗಳು ಬಂದವು, ಯೂನಿಕೋಡ್ ಬಂತು. ಚೆನ್ನಕ್ಷರವನ್ನು ಅವಳು ಮುಟ್ಟಿ ಇಪ್ಪತ್ತು ವರ್ಷ ದಾಟಿತ್ತು.

ಸುಲಭದ ದಾರಿ ಎಂದರೆ ಫಾಂಟನ್ನೇ ಹುಡುಕಿ ಕಂಪ್ಯೂಟರಿಗೆ ಹಾಕುವುದು. ಹಾಕಿದ ಕೂಡಲೇ ಪುಟ ಪೂರ್ತಿ ಸರಿ ಕಾಣುತ್ತದೆ. ಮಂಗಳವಾರ ಅವಳು ಅಂಗಡಿಗೆ ಬೀಗ ಹಾಕಿ ಪುತ್ತೂರಿನ ಬಸ್ಸು ಹತ್ತಿದಳು. ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದಂ ಕುಂಞಿಯವರು ಕುಂಬ್ರದ ಹತ್ತಿರ ಮಗಳ ಮನೆಯಲ್ಲಿದ್ದರು. ಎಂಬತ್ತೆರಡು ವಯಸ್ಸು. ಕಿವಿ ಮಂದ, ಕಣ್ಣು ಚುರುಕು.

"ಮೋಹಿನಿಯಾ? ಬಾ ಬಾ. ನೀನು ಬಿಟ್ಟು ಹೋದ ಮೇಲೆ ನನ್ನ ಪ್ರೆಸ್ಸಿನಲ್ಲಿ ಒಂದು ಪುಸ್ತಕ ತಪ್ಪಿಲ್ಲದೆ ಬರ್ಲಿಲ್ಲ ಗೊತ್ತುಂಟಾ?"

"ನಾನಿರುವಾಗ ನೀವು ಹಾಗೆ ಹೇಳ್ಲಿಲ್ಲ ಸಾಹೇಬ್ರೆ. ಆಗ ಬೈಗುಳ ಮಾತ್ರ."

"ಬೈದದ್ದಕ್ಕೇ ನೀನು ಕಲ್ತದ್ದು" ಎಂದು ಅವರು ನಕ್ಕರು.

ವಿಷಯ ಕೇಳಿ ಅವರು ಮಗಳಿಗೆ ಹೇಳಿ ಮಂಚದಡಿಯ ತಗಡಿನ ಪೆಟ್ಟಿಗೆ ಎಳೆಸಿದರು. ಒಳಗೆ ಹನ್ನೆರಡು ಫ್ಲಾಪಿಗಳಿದ್ದವು. ಮೋಹಿನಿ ಒಂದರ ಮುಚ್ಚಳ ಸರಿಸಿ ನೋಡಿದಳು. ಒಳಗಿನ ತಟ್ಟೆಯ ಮೇಲೆ ಬಿಳಿ ಬೂಷ್ಟು ಹರಡಿತ್ತು. ಎಲ್ಲವೂ ಹಾಗೇ. ಇಪ್ಪತ್ತೈದು ಮಳೆಗಾಲ ಕಂಡ ಫ್ಲಾಪಿಯನ್ನು ಯಾವ ಯಂತ್ರವೂ ಓದುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಮಾತ್ರ ಮಡಚಿಟ್ಟ ಒಂದು ಹಾಳೆ ಸಿಕ್ಕಿತು. ಚೆನ್ನಕೇಶವ ಮಾಸ್ತರರ ಕೈಬರಹದ ಕೀಲಿ ಪಟ್ಟಿ. ಎಡಗಡೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ, ಬಲಗಡೆ ಕನ್ನಡದ ತುಂಡು. ಕೆಳಗಿನ ಅರ್ಧ ಹರಿದು ಹೋಗಿತ್ತು.

"ಅರ್ಧವೇ ಉಂಟಲ್ಲ" ಎಂದರು ಆದಂ ಕುಂಞಿಯವರು.

"ಉಳಿದರ್ಧ ನನ್ನತ್ರ ಉಂಟು ಸಾಹೇಬ್ರೆ" ಎಂದು ಮೋಹಿನಿ ತನ್ನ ಎರಡು ಕೈಗಳನ್ನು ಮೇಲೆತ್ತಿ ಬೆರಳಾಡಿಸಿದಳು. ಅವರು ಅವಳಿಗೆ ಚಹಾ ಕುಡಿಸಿ, ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು.

ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಅವಳು ಪಟ್ಟಿ ಮಾಡತೊಡಗಿದಳು. ಪಿಡಿಎಫ್‌ನಿಂದ ಆ ವಿಚಿತ್ರ ಅಕ್ಷರಗಳನ್ನೆಲ್ಲ ಎತ್ತಿ ಬೇರೊಂದು ಕಡತಕ್ಕೆ ಹಾಕಿಕೊಂಡಳು. ಈಗ ಮಾಡಬೇಕಾದ್ದು ಇಷ್ಟೇ: ಒಂದೊಂದು ಚಿಹ್ನೆಯನ್ನೂ ಹುಡುಕಿ ಅದರ ಜಾಗದಲ್ಲಿ ಯೂನಿಕೋಡ್ ಕನ್ನಡ ಹಾಕುವುದು. ಇಷ್ಟೇ ಎಂದು ಹೇಳಲು ಸುಲಭ. ಚೆನ್ನಕ್ಷರದಲ್ಲಿ 'ಕೆ' ಎಂದರೆ ಎರಡು ತುಂಡು, 'ಕೋ' ಎಂದರೆ ನಾಲ್ಕು. ಮೊದಲು ಸಣ್ಣದನ್ನು ಬದಲಿಸಿದರೆ ದೊಡ್ಡದು ಒಡೆದುಹೋಗುತ್ತದೆ. ಹಾಗಾಗಿ ಉದ್ದದ ಜೋಡಣೆಗಳು ಮೊದಲು, ಬಿಡಿ ತುಂಡುಗಳು ಕೊನೆಗೆ. ಅರ್ಕಾವತ್ತಿನದ್ದು ಇನ್ನೊಂದು ರಗಳೆ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಇಲ್ಲದಿದ್ದರೆ 'ಮಾರ್ಗ' ಹೋಗಿ 'ಮಾಗರ್' ಆಗುತ್ತದೆ.

ಹರಿದ ಭಾಗಕ್ಕೆ ಅವಳು ಹೊಸ ಉಪಾಯ ಮಾಡಿದಳು. ಕಣ್ಣು ಮುಚ್ಚಿ, ಇಪ್ಪತ್ತು ವರ್ಷದ ಹಿಂದಿನ ಹಾಗೆ ಕೀಲಿಮಣೆಯ ಮೇಲೆ 'ಸುಬ್ರಹ್ಮಣ್ಯ' ಎಂದು ಹೊಡೆದಳು. 'ಕಾರ್ಯಕ್ರಮ' ಎಂದು ಹೊಡೆದಳು. 'ಶ್ರೀಕ್ಷೇತ್ರ', 'ಸಂತರ್ಪಣೆ', 'ಬ್ರಹ್ಮಕಲಶೋತ್ಸವ'. ಆ ಕಾಲದ ಕರಪತ್ರಗಳಲ್ಲಿ ಸಾವಿರ ಸಲ ಹೊಡೆದ ಪದಗಳು. ಕಣ್ಣು ಬಿಟ್ಟು ನೋಡಿದರೆ ಪರದೆಯ ಮೇಲೆ ದೇರಣ್ಣರ ಕಡತದಲ್ಲಿದ್ದಂಥದ್ದೇ ಚಿಹ್ನೆಗಳು. ಯಾವುದು 'ಹ್ಮ'ದ ಒತ್ತು, ಯಾವುದು 'ತ್ರ'ದ ಒತ್ತು ಎಂದು ಹಾಗೆ ಒಂದೊಂದಾಗಿ ಸಿಕ್ಕಿತು. ಗುರುವಾರ ಸಂಜೆ ನಾಲ್ಕಕ್ಕೆ ಪಟ್ಟಿಯಲ್ಲಿ ಇನ್ನೂರ ಹದಿನಾಲ್ಕು ಸಾಲುಗಳಿದ್ದವು. ಶುಕ್ರವಾರ ಅದನ್ನು ಕಡತದ ಮೇಲೆ ಹಾಯಿಸಿದಳು. ಮೊದಲ ಪುಟದ ಮೊದಲ ಸಾಲು ಕನ್ನಡವಾಯಿತು:

'ಮಾರ್ಚ್ ೩. ಎರಡು ದೊಡ್ಡದು. ಪಾರೆಕಲ್ಲಿನಲ್ಲಿ ಇಳಿದು ನಮ್ಮ ಮೇಲಿನ ತೋಟದ ಬುಡದಲ್ಲಿ ಹೊಳೆ ದಾಟಿದವು. ಬಾಳೆ ನಾಲ್ಕು ಹೋಯಿತು. ಲದ್ದಿ ಇನ್ನೂ ಬಿಸಿ ಇತ್ತು.'

ಮೋಹಿನಿ ಆ ಸಾಲನ್ನು ಜೋರಾಗಿ ಓದಿದಳು. ಜೆರಾಕ್ಸಿಗೆ ಬಂದು ನಿಂತಿದ್ದ ಹೆಂಗಸೊಬ್ಬಳು "ಆನೆ ಎಲ್ಲಿ ಬಂದದ್ದು?" ಎಂದು ಗಾಬರಿಯಾದಳು.

ಶನಿವಾರ ದೇರಣ್ಣ ಹತ್ತು ಗಂಟೆಗೇ ಹಾಜರಾದರು. ಅವಳು ಅಚ್ಚು ತೆಗೆದ ಹಾಳೆಗಳನ್ನು ಅವರ ಕೈಗಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಒಂದು ಪುಟ, ಎರಡು ಪುಟ. ತುಟಿ ಅಲುಗುತ್ತಿತ್ತು.

"ಇದೇ. ಇದು ನಾನು ಬರ್ದದ್ದೇ" ಎಂದರು. ಅವರ ಹೆಬ್ಬೆರಳು ಹಾಳೆಯ ಅಂಚನ್ನು ಸವರುತ್ತಲೇ ಇತ್ತು.

ಅವರು ಓದುತ್ತಿದ್ದಾಗ ಮೋಹಿನಿ ಪರದೆಯಲ್ಲಿ ಮುಂದಿನ ಪುಟಗಳನ್ನು ತಿದ್ದುತ್ತಾ ಹೋದಳು. 1997 ಎಂಬ ದಪ್ಪ ಇಸವಿ ಬಂತು. ಅದರ ಕೆಳಗೆ ಎರಡನೇ ಸಾಲಿನಲ್ಲಿ ಅವಳ ಕೈ ನಿಂತಿತು. 'ಫೆಬ್ರವರಿ ೨೯. ಮೂರು ದೊಡ್ಡದು, ಒಂದು ಮರಿ.'

ತೊಂಬತ್ತೇಳರಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನ.

ಅಂಕಿಗಳ ಬಗ್ಗೆ ಅವಳು ಯೋಚನೆಯನ್ನೇ ಮಾಡಿರಲಿಲ್ಲ. ಇಡೀ ಕಡತದಲ್ಲಿ ಮೊದಲಿನಿಂದಲೂ ಸರಿಯಾಗಿ ಕಾಣುತ್ತಿದ್ದದ್ದು ಅವು ಮಾತ್ರ. ಇಂಗ್ಲಿಷ್ 9 ಇದ್ದಲ್ಲಿ ೯ ಹಾಕಿ ಮುಂದೆ ಹೋಗಿದ್ದಳು.

"ಗೌಡ್ರೆ, ನೀವು ತಾರೀಕು ತಪ್ಪಿ ಬರೀತಿದ್ರಾ?"

"ಕ್ಯಾಲೆಂಡರ್ ನೋಡಿಯೇ ಬರೀತಿದ್ದದ್ದು."

ಅವಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ಜೀಪಿನವನು ಕೊಂಬಾರು, ಕೊಂಬಾರು ಎಂದು ಕೂಗುತ್ತಿದ್ದ. ಆಗ ನೆನಪಾಯಿತು. ತೊಂಬತ್ತಾರರ ಒಂದು ಮದುವೆ ಕಾಗದ. ಹದಿನಾರನೇ ತಾರೀಕಿನ ಮದುವೆ ಹತ್ತೊಂಬತ್ತು ಎಂದು ಅಚ್ಚಾಗಿ, ನಾನೂರು ಕಾಗದ ರದ್ದಿಯಾಗಿ, ಆದಂ ಕುಂಞಿಯವರು ಹೊಸದನ್ನು ತಾವೇ ಬಸ್ಸಿನಲ್ಲಿ ಕೊಂಡುಹೋಗಿ ಮದುಮಗಳ ಮನೆಗೆ ಕೊಟ್ಟು ಬಂದಿದ್ದರು. ತಪ್ಪು ಮೋಹಿನಿಯದ್ದಾಗಿರಲಿಲ್ಲ. ಫಾಂಟು ಮಾಡುವಾಗ ಚೆನ್ನಕೇಶವ ಮಾಸ್ತರರು ೬ ಮತ್ತು ೯ನ್ನು ಅದಲುಬದಲು ಕೂರಿಸಿದ್ದರು. ಅದು ಗೊತ್ತಾಗುವಾಗ ಆ ಫಾಂಟು ಆಗಲೇ ಬೇರೆ ಅಂಗಡಿಗಳಿಗೂ ಹೋಗಿತ್ತು. ಈಗ ತಿದ್ದಿದರೆ ಕೆಲವರಲ್ಲಿ ಹಳೆಯದು, ಕೆಲವರಲ್ಲಿ ಹೊಸದು ಆಗಿ ಇನ್ನೂ ಗೊಂದಲವಾಗುತ್ತದೆ, ಇರಲಿ ಎಂದು ಬಿಟ್ಟರು. ಆಮೇಲೆ ಎಲ್ಲರೂ ಆರು ಬೇಕಾದಲ್ಲಿ ಒಂಬತ್ತನ್ನೇ ಒತ್ತುತ್ತಿದ್ದರು. ರೂಢಿಯಾಗಿ ಹೋಗಿ ಯಾರಿಗೂ ಅದು ವಿಚಿತ್ರ ಅನಿಸುತ್ತಿರಲಿಲ್ಲ. ಬಿಟ್ಟು ಬಂದ ಮೇಲೆ ಮರೆತೂ ಹೋಗಿತ್ತು.

ಅವಳು ಕುರ್ಚಿಗೆ ಮರಳಿ, "ಗೌಡ್ರೆ, ನಿಮ್ಗೆ ಚೆನ್ನಾಗಿ ನೆನಪಿರುವ ಒಂದು ತಾರೀಕು ಹೇಳಿ. ಆನೆ ಬಂದದ್ದು. ಆರೋ ಒಂಬತ್ತೋ ಇರುವಂಥದ್ದು" ಎಂದಳು.

ದೇರಣ್ಣ ಯೋಚಿಸಲೇ ಇಲ್ಲ. "ಎರಡು ಸಾವಿರದ ಎರಡು, ಮೇ ಹದಿನಾರು. ಮಗಳ ಮದ್ವೆ. ಚಪ್ಪರಕ್ಕೆ ಕಟ್ಟಿದ ಬಾಳೆಯನ್ನೇ ಎಳ್ಕೊಂಡು ಹೋಗಿತ್ತು."

ಅವಳು ಹುಡುಕಿದಳು. 'ಮೇ ೧೯. ಒಂದೇ. ಚಪ್ಪರದ ಬಾಳೆ ಎರಡು ಹೋಯಿತು. ಮದುವೆಗೆ ತೊಂದರೆಯಾಗಲಿಲ್ಲ.'

"ಸಿಕ್ಕಿತು" ಎಂದಳು ಮೋಹಿನಿ. ನಡೆದದ್ದನ್ನು ಹೇಳಿ, "ಸುಳ್ಯದವ್ರು ಸರಿ ಕಾಣ್ತದೆ ಅಂದದ್ದು ಯಾವ್ದೋ, ತಪ್ಪು ಇದ್ದದ್ದು ಅದೊಂದೇ" ಎಂದಳು.

ದೇರಣ್ಣ ಬಾಯಿ ತುಂಬ ನಕ್ಕರು. ಆರು ಒಂಬತ್ತನ್ನು ಬದಲಿಸಿ, ಆ ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಹದಿನೇಳು ವರ್ಷದ ತಾರೀಕುಗಳನ್ನು ಒಂದೊಂದಾಗಿ ಓದಿದರು. ಅಸಾಧ್ಯವಾದ ತಾರೀಕು ಮತ್ತೆ ಒಂದೂ ಸಿಗಲಿಲ್ಲ.

ಹಾಗೆ ಓದುತ್ತಿರುವಾಗಲೇ ಮೋಹಿನಿಗೆ ಇನ್ನೊಂದು ವಿಷಯ ಹೊಳೆಯಿತು. ಅವಳು ಹಾಳೆಯೊಂದರ ಹಿಂದೆ ಗೆರೆ ಎಳೆದು ಕೇಳಿದಳು.

"ಇಲ್ಲಿ ಕಾಡು, ಇಲ್ಲಿ ಪಾರೆಕಲ್ಲು, ಇಲ್ಲಿ ಹೊಳೆ. ನೀವು ಹೇಳಿದ ಹಾಗೆ ದಾರಿ ಬಿಟ್ರೆ ಬೇಲಿ ಕೆಳಗೆ ಬರ್ಬೇಕು. ಆಗ ನಿಮ್ಮ ಮೇಲಿನ ತೋಟ ಬೇಲಿಯ ಆಚೆ ಆಗುದಿಲ್ವಾ?"

"ಆಗ್ತದೆ."

"ಎಷ್ಟು?"

"ಅರ್ಧ ಎಕ್ರೆ. ಅಡಿಕೆ, ಮಧ್ಯೆ ಬಾಳೆ. ಅಪ್ಪ ಮಾಡಿದ್ದು."

"ಮನೆಯವ್ರು ಒಪ್ಪಿದ್ರಾ?"

"ಮಗ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಅವನೇ ಬಂದು, ಮೀಟಿಂಗಿಗೆ ನಾನೂ ಬರ್ತೇನೆ ಅಂದ." ದೇರಣ್ಣ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಶಾಲೆಯಲ್ಲಿ ಮೂವತ್ತೊಂದು ಮಕ್ಕಳು ಉಂಟು ಮೋಹಿನಿಯವ್ರೆ. ಬರ್ದು ಇಟ್ಟವ ನಾನು. ಗೊತ್ತಿದ್ದೂ ಸುಮ್ನೆ ಕೂತ್ಕೊಳ್ಳುದು ಹೇಗೆ?"

ಮೋಹಿನಿ 1998 ಮತ್ತು 1999ರ ಪುಟಗಳನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬೇರೆಯಾಗಿ ಅಚ್ಚು ತೆಗೆದಳು. ಗುರುವಾರ ಅವಳೂ ಗುತ್ತಿಗಾರಿಗೆ ಹೋದಳು. ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಅಕ್ಷರದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರ ಕೊಡಬೇಕಾದವಳು ತಾನೇ ಎಂದು ಅವಳ ಲೆಕ್ಕ.

ಸಭೆಯಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು. ವಲಯ ಅರಣ್ಯಾಧಿಕಾರಿ ಹರಿಪ್ರಸಾದ್ ಎಂಬವರು ಗೋಡೆಗೆ ನಕ್ಷೆ ತೂಗುಹಾಕಿ, "ಇದು ಕರಡು ಮಾತ್ರ. ಆಕ್ಷೇಪ ಇದ್ದರೆ ಆಧಾರ ಸಮೇತ ಹೇಳಿ" ಎಂದರು. ದೇರಣ್ಣ ಎದ್ದು ಪುಸ್ತಕ ಕೊಟ್ಟರು. ಹರಿಪ್ರಸಾದ್ ಪುಟ ತಿರುವಿದರು.

"ಒಳ್ಳೆಯ ಕೆಲಸ ಗೌಡ್ರೆ. ಆದರೆ ಇದು ಎರಡು ಸಾವಿರದ ಆರಕ್ಕೆ ನಿಲ್ಲುತ್ತದೆ. ಆನೆ ಈಗ ಎಲ್ಲಿ ದಾಟುತ್ತದೆ ಎಂದು ನಮ್ಮ ವಾಚರುಗಳೂ ಹೇಳುತ್ತಾರೆ."

"ಈಗ ಎಲ್ಲಿ ದಾಟ್ತದೆ ಅಂತ ಅವ್ರು ಹೇಳ್ಲಿ. ದಾರಿ ಮುಚ್ಚಿದ್ರೆ ಎಂತ ಆಗ್ತದೆ ಅಂತ ಇದು ಹೇಳ್ತದೆ. ತೊಂಬತ್ತೆಂಟು ತೆಗೀರಿ."

ಅಧಿಕಾರಿ ಆ ಪುಟವನ್ನು ಎಲ್ಲರಿಗೂ ಕೇಳುವಂತೆ ಓದಿದರು. ಆ ವರ್ಷ ಜನವರಿಯಲ್ಲಿ ದೇರಣ್ಣರೇ ಪಾರೆಕಲ್ಲಿನ ಬಾಯಿಗೆ ಕಲ್ಲಿನ ಗೋಡೆ ಕಟ್ಟಿ ಮೇಲೆ ಮುಳ್ಳುತಂತಿ ಎಳೆಸಿದ್ದರು. ಫೆಬ್ರವರಿ ೯ರಂದು ನಾಲ್ಕು ಆನೆ ಗೋಡೆಯವರೆಗೆ ಬಂದು ಹಿಂದೆ ಹೋಗಿದ್ದವು. ಫೆಬ್ರವರಿ ೧೬ರಂದು ಶಾಲೆಯ ಮೇಲಿನ ಗುಡ್ಡದಲ್ಲಿ ಹೆಜ್ಜೆ. ಮಾರ್ಚ್ ೬ರಂದು ಶಾಲೆಯ ಅಂಗಳದಲ್ಲೇ. ಬಾವಿಯ ಕಟ್ಟೆ ಮುರಿದಿತ್ತು. ಎರಡು ವರ್ಷದಲ್ಲಿ ಶಾಲೆಯ ದಾರಿಯಲ್ಲಿ ಹದಿನೈದು ಸಲ. ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ ಒಂದು ಸಾಲು: 'ಗೋಡೆ ನಾನೇ ಕೆಡವಿಸಿದೆ.' ಅದರ ನಂತರ ಶಾಲೆಯ ಹೆಸರು ಪುಸ್ತಕದಲ್ಲಿ ಮತ್ತೆ ಇಲ್ಲ.

ಹರಿಪ್ರಸಾದ್ ಪಕ್ಕದಲ್ಲಿದ್ದ ಗುಮಾಸ್ತರ ಕಿವಿಯಲ್ಲಿ ಏನೋ ಹೇಳಿದರು. ಅವರು ಇಲಾಖೆಯ ಒಂದು ಹಳೆಯ ರಿಜಿಸ್ಟರು ತೆರೆದು ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದರು.

"ಶಾಲೆಯ ಬಾವಿಕಟ್ಟೆ ಮುರಿದ ಬಗ್ಗೆ ನಮ್ಮಲ್ಲಿ ಒಂದು ದೂರು ದಾಖಲಾಗಿದೆ. ತಾರೀಕು ಮಾರ್ಚ್ ಆರು" ಎಂದರು ಹರಿಪ್ರಸಾದ್. "ಸರಿ ಹೊಂದುತ್ತದೆ."

ಮೋಹಿನಿ ಹಿಂದಿನ ಬೆಂಚಿನಲ್ಲಿ ಉಸಿರು ಬಿಟ್ಟಳು. ಒಂಬತ್ತು ಎಂದು ಬಿಟ್ಟಿದ್ದರೆ ಆ ಪುಸ್ತಕವನ್ನು ಅಲ್ಲೇ ಮಡಚಿ ಬದಿಗಿಡುತ್ತಿದ್ದರು. ಆಗ ಬಾಗಿಲ ಬದಿಯಿಂದ ಯಾರೋ, "ಇದನ್ನು ಮೊನ್ನೆ ಟೈಪು ಮಾಡಿದ್ದಲ್ಲ ಅಂತ ಹೇಗೆ ಗೊತ್ತು?" ಎಂದು ಕೇಳಿದರು. ಅವಳು ಎದ್ದು ನಿಂತಳು.

"ನಾನು ಮೋಹಿನಿ ರೈ, ಕಡಬದಲ್ಲಿ ಡಿಟಿಪಿ ಅಂಗಡಿ. ಮೂಲ ಸಿ.ಡಿ. ಇಲ್ಲುಂಟು. ಕಡತ ಎರಡು ಸಾವಿರದ ಆರರದ್ದು ಅಂತ ಅದರೊಳಗೇ ದಾಖಲಾಗಿದೆ. ಯಾವ ಚಿಹ್ನೆಗೆ ಯಾವ ಅಕ್ಷರ ಹಾಕಿದ್ದೇನೆ ಅಂತ ಇನ್ನೂರ ಹದಿನಾಲ್ಕು ಸಾಲಿನ ಪಟ್ಟಿಯೂ ಉಂಟು. ಯಾರು ಬೇಕಾದ್ರೂ ಕೂತು ನೋಡ್ಬಹುದು. ಒಂದಕ್ಷರ ನಾನು ಸೇರಿಸ್ಲಿಲ್ಲ, ಒಂದಕ್ಷರ ಬಿಡ್ಲಿಲ್ಲ."

ಕೇಳಿದವರು ಕೂತರು. ಮುಂದಿನ ವಾರ ಅಧಿಕಾರಿಗಳು ದೇರಣ್ಣರ ಜೊತೆ ಪಾರೆಕಲ್ಲಿಗೆ ನಡೆದು ಹೋಗಿ ನೋಡಿದರು. ಮಳೆಗಾಲಕ್ಕೆ ಮೊದಲು ಬೇಲಿ ಬಂತು. ಪಾರೆಕಲ್ಲಿನಿಂದ ಹೊಳೆಯವರೆಗೆ ದಾರಿ ಬಿಟ್ಟು, ದೇರಣ್ಣರ ಮೇಲಿನ ತೋಟವನ್ನು ಆಚೆಗಿಟ್ಟು ಬಂತು. ಅಲ್ಲಿನ ಬಾಳೆಯನ್ನು ಅವರ ಮಗ ಮೊದಲೇ ಕಿತ್ತು ಮನೆಯ ಕೆಳಗೆ ನೆಟ್ಟಿದ್ದ. ಅಡಿಕೆ ಮರಗಳನ್ನು ಹಾಗೇ ಬಿಟ್ಟರು. ಮರುವರ್ಷ ಫೆಬ್ರವರಿಯಲ್ಲಿ ಐದು ಆನೆಗಳು ಅದೇ ದಾರಿಯಲ್ಲಿ ಇಳಿದು ಹೊಳೆ ದಾಟಿ ಹೋದವು. ಆರು ಅಡಿಕೆ ಮರ ಮಲಗಿದ್ದವು. ಶಾಲೆ ಎಂದಿನಂತೆ ಹತ್ತು ಗಂಟೆಗೆ ಶುರುವಾಯಿತು.

ಮೋಹಿನಿ ಆ ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಳ್ಳಲಿಲ್ಲ. ಸುಳ್ಯ, ಪುತ್ತೂರಿನ ಅಂಗಡಿಗಳಿಗೆ ಕಳಿಸಿ, ಮೊದಲ ಸಾಲಿನಲ್ಲೇ 'ಆರು ಒಂಬತ್ತು ಅದಲುಬದಲು, ಜಾಗ್ರತೆ' ಎಂದು ಬರೆದಳು. ಅಲ್ಲಿಂದ ಈಚೆಗೆ ಅವಳ ಅಂಗಡಿಗೆ ಹಳೆಯ ಸಿ.ಡಿ.ಗಳು ಬರುತ್ತಲೇ ಇವೆ. ಒಂದು ಹಾಲಿನ ಸೊಸೈಟಿಯ ಚರಿತ್ರೆ, ಒಬ್ಬ ವೈದ್ಯರ ಮದ್ದಿನ ಪಟ್ಟಿ, ಒಂದು ತರವಾಡು ಮನೆತನದ ವಂಶಾವಳಿ.

ಆನೆ ಪುಸ್ತಕದ ನಲವತ್ತು ಪ್ರತಿಗಳನ್ನು ದೇರಣ್ಣ ಅಚ್ಚು ಹಾಕಿಸಿದರು. ಫಾಂಟನ್ನು ಒಳಗೆ ಸೇರಿಸಿದ ಪಿಡಿಎಫ್ ಒಂದನ್ನು ಮೋಹಿನಿ ಅವರ ಮಗನ ಫೋನಿಗೂ ಹಾಕಿಕೊಟ್ಟಳು. ಪುಸ್ತಕದ ಒಂದು ಪ್ರತಿ ಕುಂಬ್ರಕ್ಕೆ ಹೋಯಿತು. ನಾಲ್ಕನೇ ದಿನ ಆದಂ ಕುಂಞಿಯವರ ಫೋನು ಬಂತು.

"ಮೋಹಿನಿ, ಪುಸ್ತಕ ಪೂರ್ತಿ ಓದಿದೆ. ಅರುವತ್ತೆರಡನೇ ಪುಟದಲ್ಲಿ ಒಂದು ತಪ್ಪು ಉಂಟು. 'ಉಟ್ಟು' ಅಂತ ಹಾಕಿದ್ದಿ. 'ಉಂಟು' ಆಗ್ಬೇಕು. ಸೊನ್ನೆ ಬಿಟ್ಟದ್ದಾ?"

"ಬಿಟ್ಟದ್ದಲ್ಲ ಸಾಹೇಬ್ರೆ. ಗೌಡ್ರು ಆ ಸಾಲು ಅವ್ರ ಮನೆಮಾತು ಅರೆಭಾಷೆಯಲ್ಲಿ ಬರ್ದದ್ದು. ಅವ್ರಲ್ಲಿ ಹಾಗೇ ಹೇಳುದು."

ಆ ಕಡೆ ಪುಟ ತಿರುವುವ ಸದ್ದು ಕೇಳಿಸಿತು.

"ಹಾಗಾದ್ರೆ ತಪ್ಪಿಲ್ಲ" ಎಂದರು ಆದಂ ಕುಂಞಿಯವರು.

ಮೋಹಿನಿ ಫೋನು ಇಟ್ಟು, ಎದುರು ಕಾಯುತ್ತಿದ್ದವರ ಅರ್ಜಿಯನ್ನು ಕೈಗೆತ್ತಿಕೊಂಡಳು.